ತೊಳೆಸದ ರೀಲಿನಲ್ಲಿ ಚಿತ್ರವಿದೆಯೇ?

ಬೆಳಕು ಬಿದ್ದೂ ತೊಳೆಸದೆ ಉಳಿದ ಫಿಲ್ಮಿನಲ್ಲಿ ಇರುವುದು ಸುಪ್ತಬಿಂಬ. ಜೆಲಟಿನ್ ಪದರದಲ್ಲಿ ಹುದುಗಿರುವ ಬೆಳ್ಳಿ ಹ್ಯಾಲೈಡ್ ಹರಳಿಗೆ ಬೆಳಕು ತಾಗಿದಾಗ ನಾಲ್ಕಾರು ಬೆಳ್ಳಿ ಪರಮಾಣುಗಳು ಒಂದೆಡೆ ಗುಂಪುಗೂಡುತ್ತವೆ, ಆಗುವುದು ಇಷ್ಟೇ. ಕಣ್ಣಿಗೆ ಇದೇನೂ ಕಾಣದು. ಡೆವಲಪರ್ ಆ ಚುಕ್ಕೆಯಿಂದ ಆರಂಭಿಸಿ ಇಡೀ ಹರಳಿನ ಕೋಟ್ಯಂತರ ಅಯಾನುಗಳನ್ನು ಲೋಹವಾಗಿಸಿದ ಮೇಲೆಯೇ ಚಿತ್ರ ಮೂಡುವುದು. ಹಾಗಾದರೆ ದಶಕಗಳ ಕಾಲ ಪೆಟ್ಟಿಗೆಯಲ್ಲಿ ಬಿದ್ದಿದ್ದ ರೀಲಿನೊಳಗೆ ಚಿತ್ರ ಈಗಾಗಲೇ ಇದೆಯೇ, ತೊಳೆದಾಗ ಹೊಸದಾಗಿ ಹುಟ್ಟುತ್ತದೆಯೇ?

ಕಾರ್ಯವು ಕಾರಣದಲ್ಲಿ ಮೊದಲೇ ಇದೆಯೇ ಎಂಬುದು ಭಾರತೀಯ ದರ್ಶನಗಳ ಬಹು ಹಳೆಯ ವಾಗ್ವಾದ. ಸಾಂಖ್ಯರದು ಸತ್ಕಾರ್ಯವಾದ: ಎಣ್ಣೆ ಎಳ್ಳಿನಿಂದ ಬರುತ್ತದೆ, ಮರಳಿನಿಂದ ಬಾರದು, ಆದ್ದರಿಂದ ಅದು ಎಳ್ಳಿನಲ್ಲಿ ಅವ್ಯಕ್ತವಾಗಿ ಇದ್ದೇ ಇತ್ತು, ಗಾಣ ಅದನ್ನು ಹೊರಗೆ ತಂದಿತು. ನ್ಯಾಯ-ವೈಶೇಷಿಕರದು ಅಸತ್ಕಾರ್ಯವಾದ: ಮಡಕೆ ಮಣ್ಣಿನಲ್ಲಿ ಮೊದಲೇ ಇದ್ದರೆ ಕುಂಬಾರನಿಗೇನು ಕೆಲಸ? ಹುಟ್ಟುವ ಮುನ್ನ ಇದ್ದದ್ದು ಮಡಕೆಯ ಪ್ರಾಗಭಾವ, ಅಂದರೆ ಹುಟ್ಟಿನೊಂದಿಗೆ ಕೊನೆಗೊಳ್ಳುವ ಇಲ್ಲದಿರುವಿಕೆ.

ಮೊದಲ ನೋಟಕ್ಕೆ ಫಿಲ್ಮು ಸಾಂಖ್ಯರ ಪರ ಸಾಕ್ಷಿ ನುಡಿಯುತ್ತದೆ. 1897ರಲ್ಲಿ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟ ಸ್ವೀಡನ್ನಿನ ಆಂದ್ರೆ ತಂಡದ ಮೂವರೂ ಮಡಿದರು. ಅವರ ಶಿಬಿರದ ಅವಶೇಷಗಳು ಕ್ವಿಟೊಯಾ ದ್ವೀಪದಲ್ಲಿ ಸಿಕ್ಕಿದ್ದು 1930ರಲ್ಲಿ. ಅಲ್ಲಿದ್ದ ರೀಲುಗಳನ್ನು ಸ್ಟಾಕ್‌ಹೋಮಿನಲ್ಲಿ ಯಾನ್ ಹರ್ಟ್ಸ್‌ಬರ್ಗ್ ತೊಳೆದಾಗ ಸುಮಾರು 240 ಚಿತ್ರಗಳಲ್ಲಿ 93 ಉಳಿದುಬಂದವು. ಹಿಮದ ಮೇಲೆ ಬಿದ್ದ ಬಲೂನಿನ ಚಿತ್ರ ಬೇರೆ ಯಾವ ರೀಲಿನಿಂದಲೂ ಬರುತ್ತಿರಲಿಲ್ಲ. ದ್ರಾವಣ ಎಲ್ಲ ರೀಲಿಗೂ ಒಂದೇ ಆಗಿರುವಾಗ ಚಿತ್ರ ಚಿತ್ರದ ನಡುವಿನ ಭೇದ ರೀಲಿನಲ್ಲಿಯೇ ಇದ್ದಿರಬೇಕು.

ಆದರೆ ಕಾಲ ಈ ಸಾಕ್ಷಿಯನ್ನು ಕೆಡಿಸುತ್ತದೆ. ಸಾಂಖ್ಯರ ಪ್ರಕಾರ ಇರುವುದು ನಾಶವಾಗುವುದಿಲ್ಲ, ಅವ್ಯಕ್ತಕ್ಕೆ ಮರಳುತ್ತದೆ. ಸುಪ್ತಬಿಂಬವಾದರೋ ಅವ್ಯಕ್ತದಲ್ಲಿರುವಾಗಲೇ ಸವೆಯುತ್ತದೆ: ಸಣ್ಣ ಬೆಳ್ಳಿಚುಕ್ಕೆಗಳು ಉತ್ಕರ್ಷಣಗೊಂಡು ಕರಗುತ್ತವೆ, ಇತ್ತ ಸೆಕೆಯಿಂದಲೂ ಹಿನ್ನೆಲೆ ವಿಕಿರಣದಿಂದಲೂ ಬೆಳಕು ಕಾಣದ ಹರಳುಗಳಲ್ಲಿ ಹೊಸ ಚುಕ್ಕೆಗಳು ಏಳುತ್ತವೆ. ಮದುವೆಯ ರೀಲೊಂದರಲ್ಲಿ ಆ ದಿನದ ಬೆಳಕು ಮಾಡಿದ ಗುರುತು ಯಾವುದು, ಮೂವತ್ತು ಬೇಸಿಗೆಗಳು ಮಾಡಿದ ಗುರುತು ಯಾವುದು ಎಂಬುದು ಡೆವಲಪರಿಗೆ ತಿಳಿಯದು. ಎರಡನ್ನೂ ಅದು ಒಂದೇ ರೀತಿಯಲ್ಲಿ ಕಪ್ಪಾಗಿಸುತ್ತದೆ. ಹಳೆಯ ರೀಲಿನ ಮಬ್ಬು ಇದೇ.

ಬಣ್ಣದ ಫಿಲ್ಮಿನಲ್ಲಿ ಪ್ರಶ್ನೆ ಇನ್ನೂ ಆಳಕ್ಕಿಳಿಯುತ್ತದೆ. 1972ರಲ್ಲಿ ಸಿ-41 ವಿಧಾನ ಬರುವ ಮುಂಚಿನ ವರ್ಷಗಳ ಕೊಡಾಕಲರ್ ರೋಲುಗಳು ಸಿ-22 ವಿಧಾನದವು; ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೊಳೆಯಬೇಕಾದ ಆ ಪದರ ಸಿ-41ರ 38 ಡಿಗ್ರಿಗೆ ಕಿತ್ತುಬರಬಹುದು. ಆದರೂ ಅವುಗಳಲ್ಲಿ ಬಣ್ಣವಾಗಬಲ್ಲ ಕಪ್ಲರ್ ಎಂಬ ರಾಸಾಯನಿಕ ಫಿಲ್ಮಿನೊಳಗೇ ಇದೆ. 1935ರಲ್ಲಿ ಬಂದ ಕೊಡಾಕ್ರೋಮ್‌ನಲ್ಲಿ ಅದೂ ಇಲ್ಲ. ಕೆಂಪು, ಹಸಿರು, ನೀಲಿ ಬೆಳಕನ್ನು ಬೇರೆ ಬೇರೆ ದಾಖಲಿಸುವ ಪದರಗಳು ಮಾತ್ರ ಅದರಲ್ಲಿವೆ. ಕಪ್ಲರ್ ಡೆವಲಪರಿನ ಜೊತೆ ಹೊರಗಿನಿಂದ ಬರಬೇಕು. ಕೆ-14 ಎಂಬ ಆ ಕ್ಲಿಷ್ಟ ವಿಧಾನವನ್ನು ಕೊನೆಯವರೆಗೆ ನಡೆಸಿದ ಅಮೆರಿಕದ ಕಾನ್ಸಸ್ ರಾಜ್ಯದ ಡ್ವೇನ್ಸ್ ಫೋಟೋ ಲ್ಯಾಬ್ 2010ರ ಡಿಸೆಂಬರ್ 30ಕ್ಕೆ ರೋಲು ಸ್ವೀಕರಿಸುವುದನ್ನು ನಿಲ್ಲಿಸಿತು. ಅನಂತರ ಸಿಕ್ಕ ಕೊಡಾಕ್ರೋಮ್ ರೀಲುಗಳನ್ನು ಲ್ಯಾಬುಗಳು ಕಪ್ಪು-ಬಿಳುಪಿನಲ್ಲಿ ತೊಳೆದುಕೊಡುತ್ತವೆ.

ಅಂಥ ರೀಲಿನಲ್ಲಿ ಒಬ್ಬಾಕೆಯ ಕೆಂಪು ಸೀರೆ ಇದೆ ಎನ್ನಬಹುದೇ? ಇದೆ, ಕಳೆದುಹೋದದ್ದು ನಿಮಿತ್ತಕಾರಣ, ಅಂದರೆ ಅದನ್ನು ಹೊರತರುವ ಸಾಧನ, ಮಾತ್ರ ಎಂದು ಸಾಂಖ್ಯರು ಹೇಳಬಲ್ಲರು. ಆದರೆ ಕೆಂಪಾಗಿ ತೋರುವ ಒಂದು ಕಣವೂ ಅಲ್ಲಿಲ್ಲ. ನೈಯಾಯಿಕರು ಇಲ್ಲ ಎನ್ನಬಹುದು. ಆಗ ಕೆಂಪು ಎಲ್ಲಿ ಮೂಡಬೇಕು ಎಂಬುದು ಪದರಗಳಲ್ಲಿ ಅಷ್ಟು ಖಚಿತವಾಗಿ ನಿರ್ಧಾರವಾಗಿರುವುದಕ್ಕೆ ಉತ್ತರ ಸಾಲದು. ಪ್ರಾಗಭಾವದ ಮಾತೂ ಇಲ್ಲಿ ಕಷ್ಟಕ್ಕೆ ಸಿಲುಕುತ್ತದೆ: ಆ ಕೆಂಪು ಎಂದೂ ಹುಟ್ಟದಿದ್ದರೆ, ಹುಟ್ಟಿನೊಂದಿಗೆ ಕೊನೆಗೊಳ್ಳಬೇಕಾದ ಅಭಾವ ಕೊನೆಗೊಳ್ಳುವುದೇ ಇಲ್ಲ. ಕಾರ್ಯವು ಹುಟ್ಟುವ ಮುನ್ನ ಕಾರಣರೂಪದಲ್ಲಿ ಇದೆ, ಕಾರ್ಯರೂಪದಲ್ಲಿ ಇಲ್ಲ ಎನ್ನುವ ಮಧ್ವರ ಸದಸತ್ಕಾರ್ಯವಾದವೇ ಈ ರೀಲಿಗೆ ಹೆಚ್ಚು ಹೊಂದುತ್ತದೆ. ಸೀರೆಯ ಕೆಂಪು ಪದರಗಳ ಭೇದವಾಗಿ ಇದೆ, ಕೆಂಪಾಗಿ ಇಲ್ಲ.

ಆ ಭೇದವೂ ಬಾಳುವುದು ತೊಳೆಯುವವರೆಗೆ ಮಾತ್ರ. ಕಪ್ಪು-ಬಿಳುಪಿನ ದ್ರಾವಣದಲ್ಲಿ ಮೂರೂ ಪದರಗಳು ಒಂದರ ಮೇಲೊಂದು ಬೆಳ್ಳಿಯಾಗುತ್ತವೆ. ಆಕೆಯ ಮುಖ, ಸೆರಗಿನ ಮಡಿಕೆ, ಹಿಂದಿನ ಬಾಗಿಲು ಬೂದುಬಣ್ಣದಲ್ಲಿ ಮೂಡುತ್ತವೆ; ಯಾವ ಬೂದು ಯಾವ ಪದರದ್ದೆಂದು ಬಿಡಿಸುವ ದಾರಿ ಮುಚ್ಚಿಹೋಗುತ್ತದೆ. ಒಂದು ಕಾರ್ಯವನ್ನು ಬೆಳಕಿಗೆ ತಂದ ಕ್ರಿಯೆಯೇ ಇನ್ನೊಂದರ ಕಾರಣವನ್ನು ಅಳಿಸಿರುತ್ತದೆ. ತೊಳೆಸದೆ ಇಟ್ಟುಕೊಂಡರೂ ಆ ಕಾರಣ ಹಾಗೆಯೇ ಉಳಿಯದು, ಮಬ್ಬು ವರ್ಷದಿಂದ ವರ್ಷಕ್ಕೆ ಏರುತ್ತಲೇ ಇರುತ್ತದೆ.