ಹಂಚಿ ತಿನ್ನುವುದರ ಧರ್ಮ

ಅಮೆರಿಕೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು ಸೇಬಿನ ಸುಗ್ಗಿಯ ಕಾಲ. ವಾಷಿಂಗ್ಟನ್, ನ್ಯೂಯಾರ್ಕ್, ಮಿಷಿಗನ್ ರಾಜ್ಯಗಳ ತೋಟಗಳಿಂದ ಹೊಸ ಹಣ್ಣು ಪೇಟೆಗೆ ಬರುತ್ತಲೇ ಅನೇಕ ಮನೆಗಳಲ್ಲಿ ಸೇಬಿನ ಕೇಕು ಸಿದ್ಧವಾಗುತ್ತದೆ. ಅದರ ಮೇಲೆ ಕ್ಯಾರಮೆಲ್ ಎಂಬ ಹೊಂಬಣ್ಣದ ಸಕ್ಕರೆ ಪಾಕವನ್ನು ಸುರಿಯುತ್ತಾರೆ. ಭಾನುವಾರ ಮನೆಯಲ್ಲಿ ಮಾಡಿದ ಕೇಕನ್ನು ಸೋಮವಾರ ಕಚೇರಿಗೆ ಒಯ್ದು, ಕಾಫಿಯ ಮೇಜಿನ ಮೇಲಿರಿಸಿ, ಸಹೋದ್ಯೋಗಿಗಳಿಗೆ ಹಂಚುವುದು ಅಲ್ಲಿ ಅಪರೂಪವಲ್ಲ. ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಉಂಡು ಓದಿ ಆ ನಾಡಿನಲ್ಲಿ ನೆಲೆಸಿರುವವರಿಗೂ ಇದು ಪರಿಚಿತವಾದ ರೂಢಿ. ಮೇಲುನೋಟಕ್ಕೆ ಇದು ಅಲ್ಪ ವಿಷಯ. ಆದರೆ ನಿತ್ಯದ ಅಲ್ಪ ಕ್ರಿಯೆಗಳಲ್ಲಿಯೇ ನೀತಿಯ ಪ್ರಶ್ನೆಗಳು ಅಡಗಿರುತ್ತವೆ. ಹೀಗೆ ಹಂಚುವುದು ದಾನವೇ? ಕೊಡುಕೊಳ್ಳುವ ವ್ಯವಹಾರವೇ? ಅಥವಾ ಇವೆರಡಕ್ಕೂ ಭಿನ್ನವಾದುದೇ?

'ಕಂಪನಿ' ಎಂಬ ಇಂಗ್ಲಿಷ್ ಶಬ್ದ ಇಂದು ನಮ್ಮ ಹಳ್ಳಿಗರ ನಾಲಗೆಯ ಮೇಲೂ ಇದೆ. ಅದರ ಮೂಲವನ್ನು ಹುಡುಕಿದರೆ ಲ್ಯಾಟಿನ್ ಭಾಷೆಗೆ ಹೋಗಬೇಕಾಗುತ್ತದೆ. ಅಲ್ಲಿ 'ಕಮ್' ಎಂದರೆ ಜೊತೆಗೆ, 'ಪಾನಿಸ್' ಎಂದರೆ ರೊಟ್ಟಿ. ಜೊತೆಗೂಡಿ ರೊಟ್ಟಿ ತಿನ್ನುವವರ ಕೂಟವೇ ಕಂಪನಿ. ಲಾಭನಷ್ಟಗಳ ಲೆಕ್ಕದಲ್ಲಿ ಮುಳುಗಿದ ಸಂಸ್ಥೆಗಳು ತಮ್ಮ ಹೆಸರಿನ ಅರ್ಥವನ್ನು ಮರೆತಿವೆ. ಮೇಜಿನ ಮೇಲೆ ಇರಿಸಿದ ಒಂದು ಕೇಕು ಅದನ್ನು ಸ್ವಲ್ಪ ಹೊತ್ತು ನೆನಪಿಗೆ ತರುತ್ತದೆ.

ಈ ತಿನಿಸನ್ನು ಮಾಡುವುದೂ ಒಂದು ಕಾಯಕವೇ ಸರಿ. ಹೆಚ್ಚಿದ ಸೇಬು ಗಾಳಿಗೆ ಕಪ್ಪಾಗದಂತೆ ನಿಂಬೆರಸ ಸವರಬೇಕು. ಸಕ್ಕರೆಯು ಸುಮಾರು 160 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ದಾಟಿದಾಗ ತನ್ನ ಮೊದಲ ರೂಪವನ್ನು ಕಳೆದುಕೊಂಡು ಹೊಂಬಣ್ಣ ತಾಳುತ್ತದೆ; ಹೊಸ ಪರಿಮಳವನ್ನು ಪಡೆಯುತ್ತದೆ. ಆ ಹದದಲ್ಲಿ ಬೆಣ್ಣೆ, ಕೆನೆಗಳನ್ನು ಸೇರಿಸಬೇಕು. ಕೆಲವು ಕ್ಷಣ ಮೈಮರೆತರೆ ಪಾಕವೆಲ್ಲ ಕಹಿ. ಮಾಡುವವನು ಒಲೆಯ ಮುಂದೆ ನಿಂತು ಕಾಯಲೇಬೇಕು. ಆದುದರಿಂದ ಅವನು ಕೊಡುವುದು ಹಿಟ್ಟು, ಸಕ್ಕರೆಗಳನ್ನು ಮಾತ್ರವಲ್ಲ. ತನ್ನ ಬಿಡುವಿನ ವೇಳೆಯನ್ನು, ಎಚ್ಚರವನ್ನು ಕೊಡುತ್ತಾನೆ.

ಆದರೂ ಒಂದು ಆಕ್ಷೇಪವುಂಟು. ಫ್ರಾನ್ಸಿನ ವಿದ್ವಾಂಸ ಮಾರ್ಸೆಲ್ ಮಾಸ್ 1925ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಉಡುಗೊರೆಯ ಸ್ವರೂಪವನ್ನು ವಿವೇಚಿಸಿದ್ದಾನೆ. ಕೊಡಬೇಕು, ಸ್ವೀಕರಿಸಬೇಕು, ಮರಳಿ ಕೊಡಬೇಕು ಎಂಬ ಮೂರು ಕಟ್ಟುಪಾಡುಗಳು ಅದರ ಬೆನ್ನಿಗಿವೆ ಎಂಬುದು ಅವನ ನಿರ್ಣಯ. ಹಾಗಾದರೆ ಕೇಕಿನ ತುಂಡೂ ಒಂದು ಬಗೆಯ ಸಾಲವಲ್ಲವೇ? ತಿಂದವನು ಮುಂದಿನ ವಾರ ತಾನೂ ಏನನ್ನಾದರೂ ತರಬೇಕೆಂಬ ಸಂಕೋಚಕ್ಕೆ ಒಳಗಾಗುವುದಿಲ್ಲವೇ? ಮೇಲಧಿಕಾರಿಯ ಮೆಚ್ಚುಗೆಗಾಗಿ ತಂದ ಸಿಹಿಗೂ ಲಂಚಕ್ಕೂ ನಡುವೆ ಇರುವ ಅಂತರವೆಷ್ಟು?

ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕಲಾಗದು. ಆದರೆ ಅಮೆರಿಕೆಯ ಕೇಂದ್ರ ಸರ್ಕಾರದ ನೌಕರರ ನೀತಿನಿಯಮಗಳಲ್ಲಿ ಇಲ್ಲಿ ಗಮನಿಸತಕ್ಕ ಒಂದು ವಿವೇಕವಿದೆ. ಅಧೀನ ನೌಕರನು ಮೇಲಧಿಕಾರಿಗೆ ಉಡುಗೊರೆ ಕೊಡುವುದನ್ನು ಆ ನಿಯಮಗಳು ಸಾಮಾನ್ಯವಾಗಿ ನಿಷೇಧಿಸುತ್ತವೆ. ಆದರೆ ಆಗೊಮ್ಮೆ ಈಗೊಮ್ಮೆ ಕಚೇರಿಯಲ್ಲಿ ಹಲವರು ಹಂಚಿಕೊಳ್ಳುವ ತಿಂಡಿ, ಪಾನೀಯಗಳನ್ನು ಆ ನಿಷೇಧದಿಂದ ಬಿಟ್ಟಿವೆ. ಒಬ್ಬನ ಕೈಗೆ ಗುಟ್ಟಾಗಿ ಇಟ್ಟದ್ದು ಋಣವಾಗುತ್ತದೆ. ಎಲ್ಲರ ನಡುವೆ ಇಟ್ಟದ್ದಕ್ಕೆ ಸಾಲಗಾರನೆಂದು ಯಾರನ್ನು ಹೆಸರಿಸುವುದು? ನಮ್ಮ ಶರಣರು ದಾನ ಮತ್ತು ದಾಸೋಹಗಳ ನಡುವೆ ಕಂಡ ಭೇದವೂ ಇಲ್ಲಿ ನೆರವಾಗುತ್ತದೆ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ನೀಡುವವನು ತಾನೇ ದಾಸನೆಂದು ಭಾವಿಸುತ್ತಾನೆ. 'ನಾನು ಮಾಡಿದೆ' ಎಂಬ ಭಾವ ಕರಗಿದಷ್ಟೂ ತಿನ್ನುವವನ ಸಂಕೋಚವೂ ಕರಗುತ್ತದೆ.

ಹಂಚುವವನಿಗೆ ಸತ್ಯವೂ ಅಗತ್ಯ. ಅಲರ್ಜಿ ಉಂಟುಮಾಡುವ ಪ್ರಮುಖ ಆಹಾರಗಳೆಂದು ಅಮೆರಿಕೆಯ ಕಾನೂನು 9 ಪದಾರ್ಥಗಳನ್ನು ಗುರುತಿಸಿದೆ. 2023ರಿಂದ ಅವುಗಳಲ್ಲಿ ಎಳ್ಳೂ ಸೇರಿದೆ. ಅಕ್ರೋಟ ಹಾಕಿದ ಸೇಬಿನ ಕೇಕಿನಲ್ಲಿ ಗೋಧಿ, ಹಾಲು, ಮೊಟ್ಟೆ, ಅಕ್ರೋಟ ಹೀಗೆ ಅವುಗಳಲ್ಲಿ ನಾಲ್ಕು ಒಟ್ಟಿಗೆ ಇರಬಹುದು. ಪೊಟ್ಟಣ ಕಟ್ಟಿ ಮಾರುವವನು ಇವನ್ನು ಅಚ್ಚುಹಾಕಿ ತಿಳಿಸಬೇಕೆಂದು ಕಾನೂನಿದೆ. ಮನೆಯಿಂದ ತಂದವನಿಗೆ ಅಂತಃಸಾಕ್ಷಿಯೇ ಕಾನೂನು. ಒಬ್ಬನಿಗೆ ರುಚಿಯಾದದ್ದು ಮತ್ತೊಬ್ಬನ ಪ್ರಾಣಕ್ಕೆ ಎರವಾಗಬಹುದು. ಮೊಟ್ಟೆ ಮುಟ್ಟದವನ ವ್ರತಕ್ಕೆ ಭಂಗ ತರಬಹುದು. ಮೊಟ್ಟೆಯ ಬದಲು ಮೊಸರು, ಅಡಿಗೆ ಸೋಡಾಗಳಿಂದಲೂ ಕೇಕು ಮಾಡಬಹುದು. ಹಾಕಿದ್ದೇನೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಟ್ಟರೆ ಸಾಕು. ಬೇಡವೆಂದವನನ್ನು ಒತ್ತಾಯಿಸದಿರುವುದೂ ಆತಿಥ್ಯವೇ.

ಎಲ್ಲಕ್ಕೂ ಮಿಗಿಲಾದ ಪ್ರಶ್ನೆ ಮತ್ತೊಂದಿದೆ. ಸಹೋದ್ಯೋಗಿ ಯಾರು? ಪಕ್ಕದ ಮೇಜಿನವನು, ಮೇಲಿನ ಅಧಿಕಾರಿ ಇವರಷ್ಟೇ ಅಲ್ಲ. ಎಲ್ಲರೂ ಹೋದ ಮೇಲೆ ಬಂದು ಅದೇ ಮೇಜನ್ನು ಒರೆಸುವವಳು, ಕಸದ ಬುಟ್ಟಿಯನ್ನು ಬರಿದು ಮಾಡುವವನು, ಬಾಗಿಲಲ್ಲಿ ರಾತ್ರಿಯಿಡೀ ನಿಲ್ಲುವ ಕಾವಲುಗಾರ, ಇವರೂ ಅದೇ ಸೂರಿನಡಿ ದುಡಿಯುವವರು. ಇವರಿಗೆ ದೊರೆಯುವುದು ಸಾಮಾನ್ಯವಾಗಿ ಉಳಿದ ತುಣುಕು. ಅನೇಕ ವೇಳೆ ತೊಳೆಯಬೇಕಾದ ತಟ್ಟೆ ಮಾತ್ರ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬುವವನು ಕೇಕನ್ನು ಕೊಯ್ಯುವ ಮೊದಲೇ ಇವರ ಪಾಲನ್ನು ತೆಗೆದಿರಿಸಬೇಕು. ಮಿಕ್ಕರೆ ಕೊಡೋಣ ಎಂಬ ಮನಸ್ಸಿನಲ್ಲಿ ದಾಸೋಹವಿಲ್ಲ.

ಈ ಮಾತು ದೂರದೇಶದವರಿಗಷ್ಟೇ ಸಲ್ಲುವುದಲ್ಲ. ಬಡ್ತಿ ದೊರೆತಾಗ, ಮನೆಯಲ್ಲಿ ಮಗು ಹುಟ್ಟಿದಾಗ ನಮ್ಮ ಕಚೇರಿಗಳಲ್ಲಿಯೂ ಪೇಡೆಯ ಡಬ್ಬಿ ತೆರೆಯುತ್ತದೆ. ಅದು ಸಾಹೇಬರ ಕೋಣೆಗೆ ಮೊದಲು ಹೋಗುತ್ತದೆಯೋ, ಹೊರಗೆ ಸ್ಟೂಲಿನ ಮೇಲೆ ಕುಳಿತ ಜವಾನನ ಬಳಿಗೂ ಅದೇ ಆದರದಿಂದ ಹೋಗುತ್ತದೆಯೋ ಎಂಬುದನ್ನು ಸದ್ಭಕ್ತರು ತಮ್ಮಲ್ಲಿಯೇ ವಿಚಾರಿಸಿಕೊಳ್ಳಲಿ.