ಮನೆ, ಪ್ರವಾಸ, ಕಲೆ : ಗೃಹಸ್ಥನ ಮೂರು ಪರಿಮಾಣಗಳು

ಶ್ರಾವಕಧರ್ಮವು ಮುನಿಧರ್ಮಕ್ಕೆ ಆಧಾರವಾದುದು. ಆಹಾರದಾನ ಮಾಡುವ ಗೃಹಸ್ಥನಿಲ್ಲದೆ ಮುನಿಸಂಘದ ವಿಹಾರವು ನಡೆಯಲಾರದು. ಆದುದರಿಂದಲೇ ಆಚಾರ್ಯರು ಗೃಹಸ್ಥನ ದಿನಚರಿಯನ್ನು ಅಲ್ಪವೆಂದು ಬಗೆಯದೆ, ಅವನು ಏಳುವ ಹೊತ್ತಿನಿಂದ ಮಲಗುವ ಹೊತ್ತಿನವರೆಗೆ ಅವನಿಗಾಗಿ ವ್ರತನಿಯಮಗಳನ್ನು ಹೇಳಿದರು. ಆದರೆ ಇಂದಿನ ಗೃಹಸ್ಥನ ಮುಂದೆ ಒಂದು ಪ್ರಶ್ನೆ ನಿಂತಿದೆ. ಅಂಗಡಿ, ಮಗ್ಗ, ಹೊಲ, ನೌಕರಿ ಇವುಗಳಿಂದ ಬಿಡುವು ದೊರೆತ ಮೇಲೆ ಉಳಿಯುವ ಸ್ವಲ್ಪ ಸಮಯವನ್ನೂ ಸ್ವಲ್ಪ ಹಣವನ್ನೂ ಯಾವುದಕ್ಕೆ ವಿನಿಯೋಗಿಸಬೇಕು? ಮನೆಯನ್ನು ಚೆನ್ನಾಗಿ ಮಾಡಿಕೊಳ್ಳಬೇಕೆಂಬ ಆಸೆ ಒಂದು. ನಾಲ್ಕು ಊರು, ನಾಲ್ಕು ತೀರ್ಥ ನೋಡಬೇಕೆಂಬ ಆಸೆ ಇನ್ನೊಂದು. ಹಾಡು, ಬರಹ, ಚಿತ್ರ, ರಂಗವಲ್ಲಿ, ಶಾಸ್ತ್ರಾಭ್ಯಾಸ ಮೊದಲಾದವುಗಳಲ್ಲಿ ಕೈಯನ್ನೂ ಮನಸ್ಸನ್ನೂ ತೊಡಗಿಸಬೇಕೆಂಬ ಆಸೆ ಮತ್ತೊಂದು. ಈ ಮೂರರಲ್ಲಿ ಯಾವುದೂ ದುರಾಸೆಯಲ್ಲ. ಹಾಗಿದ್ದೂ ಮೂರೂ ಸೇರಿ ಅನೇಕ ಮನೆಗಳ ನೆಮ್ಮದಿಯನ್ನು ಕದಡುತ್ತಿವೆ.

ಮೂರಕ್ಕೂ ಸಮಪಾಲು ಕೊಟ್ಟರೆ ಸಮತೋಲನ ಸಿದ್ಧಿಸುವುದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಕೇಳಲು ಈ ಮಾತು ಚೆನ್ನಾಗಿದೆ, ಆಚರಣೆಯಲ್ಲಿ ನಿಲ್ಲುವುದಿಲ್ಲ. ಏಕೆಂದರೆ ಈ ಮೂರರ ಸ್ವಭಾವ ಒಂದೇ ಅಲ್ಲ. ಮನೆಯ ಪರವಾಗಿ ವಾದಿಸಲು ಫರಸಿ ಅಂಗಡಿಯವನಿದ್ದಾನೆ, ಬಣ್ಣದವನಿದ್ದಾನೆ, ಎದುರು ಮನೆಯ ಹೊಸ ಮಾಳಿಗೆಯಿದೆ. ಪ್ರವಾಸದ ಪರವಾಗಿ ವಾದಿಸಲು ಪ್ರವಾಸ ಸಂಸ್ಥೆಯ ಜಾಹೀರಾತಿದೆ, ನೆಂಟರು ತೋರಿಸುವ ಫೋಟೋಗಳಿವೆ. ಕಲೆಯ ಪರವಾಗಿ ಯಾರೂ ಬಾಗಿಲಿಗೆ ಬರುವುದಿಲ್ಲ. ಅರ್ಧ ಕಲಿತ ರಾಗವು ಸಾಲಗಾರನಂತೆ ಬಂದು ತಗಾದೆ ಮಾಡುವುದಿಲ್ಲ. ಹೀಗಾಗಿ ಮೊದಲೆರಡಕ್ಕೆ ಕೊಟ್ಟು ಉಳಿದುದನ್ನು ಮೂರನೆಯದಕ್ಕೆ ಕೊಡೋಣವೆಂದು ಇಟ್ಟವನಿಗೆ ಕೊನೆಗೆ ಏನೂ ಉಳಿಯುವುದಿಲ್ಲ.

ಗಡಹಿಂಗ್ಲಜದ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಆ ಮನೆಯ ಅಜ್ಜಿಯ ಮಾತು ಕನ್ನಡ. ಮೊಮ್ಮಗನ ಶಾಲೆಯ ಭಾಷೆ ಮರಾಠಿ. ಮುಂದೆ ಅವನ ಕಾಲೇಜಿನ ಭಾಷೆ ಇಂಗ್ಲಿಷ್. ತೊಟ್ಟಿಲ ಹಾಡು, ನೋಂಪಿಯ ಕಥೆ, ಭರತ-ಬಾಹುಬಲಿಯರ ಪ್ರಸಂಗ ಇವೆಲ್ಲ ಅಜ್ಜಿಗೆ ಬಾಯಿಪಾಠವಾಗಿವೆ. ಅವುಗಳನ್ನು ಬರೆದಿಟ್ಟುಕೊಳ್ಳಬೇಕೆಂದು ಮಗನಿಗೆ ಮನಸ್ಸಿದೆ, ಸೊಸೆಗೂ ಮನಸ್ಸಿದೆ. ಮೊದಲ ವರ್ಷ ಮನೆಯ ಮೇಲೆ ಮಾಳಿಗೆ ಎತ್ತುವ ಕೆಲಸ ಬಂದಿತು. ಮರುವರ್ಷ ಎಲ್ಲರೂ ಕೂಡಿ ಸಮ್ಮೇದ ಶಿಖರಜಿಗೆ ಹೋಗಿ ಬಂದರು; ಮೊಣಕಾಲು ನೋವಿನ ಅಜ್ಜಿ ಮನೆ ಕಾಯಲು ಉಳಿದಳು. ಅನಂತರ ಅಡುಗೆಮನೆಗೆ ಹೊಸ ಕಟ್ಟೆ, ಅದರ ಮೇಲೆ ಇನ್ನೊಂದು ಪ್ರವಾಸ. ಮನೆಯ ವಾಸ್ತುಶಾಂತಿಗೆ ಊರೇ ಬಂದು ಉಂಡು ಹೋಯಿತು. ಒಂದು ಚಳಿಗಾಲ ಅಜ್ಜಿ ತೀರಿಕೊಂಡಳು. ಮಾಳಿಗೆಯ ಕೋಣೆ ಉಳಿಯಿತು, ಫೋಟೋಗಳು ಉಳಿದವು. ಹಾಡುಗಳು ಆಕೆಯೊಂದಿಗೆ ಹೋದವು. ಈ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಯಾರೂ ಒಂದು ತಪ್ಪು ಕೆಲಸವನ್ನೂ ಮಾಡಲಿಲ್ಲ. ಆದರೂ ನಷ್ಟವಾಯಿತು, ಅದು ಮತ್ತೆ ತುಂಬಿಕೊಳ್ಳಲಾಗದ ನಷ್ಟ.

ಇಂಥ ನಷ್ಟಕ್ಕೆ ಮದ್ದನ್ನು ಶ್ರಾವಕನ ವ್ರತಗಳೇ ಹೇಳಿವೆ. ಪರಿಗ್ರಹ-ಪರಿಮಾಣ ವ್ರತದಲ್ಲಿ ಮಿತಿ ಗೊತ್ತುಪಡಿಸಬೇಕಾದ ವಸ್ತುಗಳನ್ನು ಎಣಿಸುವಾಗ ಕ್ಷೇತ್ರ ಮತ್ತು ವಾಸ್ತು, ಅಂದರೆ ಹೊಲ ಮತ್ತು ಮನೆ, ಬಂಗಾರಕ್ಕಿಂತ ಮೊದಲು ಬರುತ್ತವೆ. ದಿಗ್ವ್ರತವು ಜೀವಮಾನಕ್ಕೆ, ದೇಶವ್ರತವು ಗೊತ್ತಾದ ಅವಧಿಗೆ, ಓಡಾಟದ ಎಲ್ಲೆಯನ್ನು ಹಾಕುತ್ತವೆ. ಈ ವ್ರತಗಳಲ್ಲಿ ಗಮನಿಸಬೇಕಾದುದೇನೆಂದರೆ, ಅಳತೆ ಇಷ್ಟೇ ಇರಬೇಕೆಂದು ಶಾಸ್ತ್ರವು ಎಲ್ಲರಿಗೂ ಒಂದೇ ಅಂಕೆಯನ್ನು ವಿಧಿಸಲಿಲ್ಲ. ಅಂಕೆಯನ್ನು ಗೃಹಸ್ಥನೇ ಇಟ್ಟುಕೊಳ್ಳಬೇಕು. ಇಟ್ಟ ಮೇಲೆ ಮೀರಬಾರದು. ಮನಸ್ಸು ಶಾಂತವಾಗಿರುವಾಗ ಮಿತಿ, ಅನಂತರ ಖರ್ಚು. ಅಂಗಡಿಯ ಮೆಟ್ಟಿಲು ಹತ್ತಿದ ಮೇಲೆ ಮಿತಿಯನ್ನು ಯೋಚಿಸುವವನು ಆಗಲೇ ಸೋತಿರುತ್ತಾನೆ.

ವರ್ತಕರಿಗೆ ಇದು ಹೊಸದಲ್ಲ. ಕೊಲ್ಹಾಪುರದಲ್ಲಿ ದೊರೆತ 1135ರ ಕನ್ನಡ ಶಾಸನವೊಂದು, ಶಿಲಾಹಾರರ ಸಾಮಂತ ನಿಂಬದೇವರಸನು ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ವರ್ತಕ ಸಮೂಹದವರು ಕೂಡಿ ದಾನ ಕೊಟ್ಟುದನ್ನು ಹೇಳುತ್ತದೆ. ಅವರು ಲಾಭ ಬಂದಾಗ ನೋಡೋಣವೆನ್ನಲಿಲ್ಲ. ಮಾರುವ ಸರಕಿನ ಮೇಲೆ ಇಂತಿಷ್ಟೆಂದು ಮೊದಲೇ ಗೊತ್ತುಮಾಡಿ ಕಲ್ಲಿನಲ್ಲಿ ಬರೆಯಿಸಿದರು. ಉಳಿದುದರಲ್ಲಿ ಕೊಡುವುದು ಬೇರೆ, ಮೊದಲೇ ತೆಗೆದಿಡುವುದು ಬೇರೆ ಎಂಬ ತಿಳಿವಳಿಕೆ ಒಂಬತ್ತು ಶತಮಾನಗಳ ಹಿಂದೆಯೇ ಈ ಪೇಟೆಯಲ್ಲಿತ್ತು. ಸಮಯದ ದಾನಕ್ಕೂ ಇದೇ ನಿಯಮ ಸಲ್ಲುತ್ತದೆ.

ಮಿತಿಯೆಂದರೆ ಶೂನ್ಯವಲ್ಲ. ಕೊಲ್ಹಾಪುರ ಸೀಮೆಯ ಬೆಲ್ಲ ಬೇಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಅನುಭವಿಯಾದ ಕೆಲಸಗಾರನು ಚೂರು ಪಾಕವನ್ನು ತಣ್ಣೀರಿಗೆ ಹಾಕಿ ಬೆರಳಿನಿಂದ ಹದ ನೋಡುತ್ತಾನೆ. ಬೇಗ ಇಳಿಸಿದರೆ ಪೆಂಟೆ ಕಟ್ಟುವುದಿಲ್ಲ. ತಡವಾಗಿ ಇಳಿಸಿದರೆ ಹೊತ್ತಿ ಕಪ್ಪಾಗುತ್ತದೆ. ಬೆಂಕಿ ತಾನಾಗಿ ನಿಲ್ಲುವುದಿಲ್ಲ. ಹದವರಿತು ಇಳಿಸುವ ಕೈ ಬೇಕು. ಆಸೆಗಳೂ ಹಾಗೆಯೇ.

ಈಗ ಮನೆಯ ವಿಷಯ. ಸೋರುವ ಮಾಡನ್ನು ಹಾಗೆಯೇ ಬಿಡುವುದು ಅಪರಿಗ್ರಹವಲ್ಲ, ಅಲಕ್ಷ್ಯ. ಇಚಲಕರಂಜಿಯಲ್ಲಿ 1904ರಲ್ಲಿ ಮೊದಲ ವಿದ್ಯುಚ್ಚಾಲಿತ ಮಗ್ಗ ಬಂದಂದಿನಿಂದ ಬೆಳೆದ ನೇಕಾರಿಕೆಯಲ್ಲಿ, ಮಗ್ಗದ ಸದ್ದಿನ ಪಕ್ಕದಲ್ಲೇ ಮಕ್ಕಳನ್ನು ಬೆಳೆಸಿದ ಕುಟುಂಬಗಳು ಅನೇಕ. ಆ ಕುಟುಂಬಕ್ಕೆ ಒಂದು ಶಾಂತವಾದ ಕೋಣೆ ಬೇಕೆನಿಸಿದರೆ ಅದನ್ನು ಆಡಂಬರವೆನ್ನಲಾಗದು. ಆದುದರಿಂದ ಪ್ರತಿಯೊಂದು ದುರಸ್ತಿಗೂ ಒಂದು ಪ್ರಶ್ನೆಯನ್ನು ಹಾಕಿ ನೋಡಬೇಕು: ಇದು ಮನೆಯೊಳಗೆ ಇರುವವರ ಕಷ್ಟವನ್ನು ಕಳೆಯುವುದೋ, ಹೊರಗಿನಿಂದ ಬರುವವರ ಕಣ್ಣನ್ನು ಸೆಳೆಯುವುದೋ? ಮೆಟ್ಟಿಲಿಗೆ ಕೈಹಿಡಿ, ವೃದ್ಧರ ಕೋಣೆಯ ಹತ್ತಿರ ಶೌಚಾಲಯ, ಹೊಗೆ ಹೋಗುವ ಅಡುಗೆಮನೆ ಇವು ಮೊದಲನೆಯ ಬಗೆ. ಮೂರು ವರ್ಷಕ್ಕೊಮ್ಮೆ ಒಡೆದು ಹಾಕುವ ಚೆಂದದ ಫರಸಿ ಎರಡನೆಯ ಬಗೆ. ಪ್ರತಿ ಕಟ್ಟಡಕ್ಕೂ ಮಣ್ಣು ಅಗೆಯಬೇಕು, ನೀರು ಸುರಿಯಬೇಕು, ಕಲ್ಲು ಒಡೆಯಬೇಕು. ಪೃಥ್ವೀಕಾಯ, ಜಲಕಾಯ ಜೀವಗಳನ್ನು ನಂಬುವ ಧರ್ಮದಲ್ಲಿ ಹುಟ್ಟಿದವನಿಗೆ ಅಗತ್ಯವಿಲ್ಲದ ಕಟ್ಟಡವು ಬರಿಯ ಖರ್ಚಲ್ಲ, ಪ್ರಯೋಜನವಿಲ್ಲದ ಹಿಂಸೆ. ಅನರ್ಥದಂಡ ವ್ರತವು ಬಿಡಹೇಳುವುದು ಅದನ್ನೇ.

2005, 2019 ಮತ್ತು 2021ರ ಮಹಾಪೂರಗಳು ಈ ಸೀಮೆಗೆ ಇನ್ನೊಂದು ಪಾಠವನ್ನು ಕಲಿಸಿದವು. 2019ರ ಆಗಸ್ಟ್ ತಿಂಗಳಲ್ಲಿ ಪಂಚಗಂಗೆ ಮತ್ತು ಕೃಷ್ಣೆಯ ನೀರು ಕೊಲ್ಹಾಪುರದ ಬಡಾವಣೆಗಳನ್ನೂ ಶಿರೋಳ ತಾಲೂಕಿನ ಊರುಗಳನ್ನೂ ಹೊಕ್ಕಾಗ, ಮನೆ ಬಿಟ್ಟು ದೋಣಿ ಹತ್ತಿದವರು ಫರಸಿಯನ್ನಾಗಲಿ ಕಪಾಟನ್ನಾಗಲಿ ಒಯ್ಯಲಾಗಲಿಲ್ಲ. ಕಲಿತ ಹಾಡು, ಕೈಗೆ ಬಂದ ಕಸೂತಿ, ಕಂಠಸ್ಥವಾದ ಸ್ತೋತ್ರ ಮಾತ್ರ ನೀರಿಗೆ ಸಿಗಲಿಲ್ಲ. ಮನೆ ಕಟ್ಟಬಾರದೆಂದು ಇದರ ಅರ್ಥವಲ್ಲ; ಯಾವುದು ಹೊರಗಿನ ಸಂಪತ್ತು, ಯಾವುದು ಒಳಗಿನದು ಎಂಬುದನ್ನು ನೀರು ತೋರಿಸಿಕೊಟ್ಟಿತು.

ಇನ್ನು ಪ್ರವಾಸ. ತೀರ್ಥಯಾತ್ರೆ ಪುಣ್ಯಕಾರ್ಯ, ಅದಕ್ಕೆ ಮಿತಿಯೇಕೆಂದು ಕೆಲವರು ಕೇಳುವುದುಂಟು. ದಿಗ್ವ್ರತದ ಅತಿಚಾರಗಳನ್ನು ಹೇಳುವಾಗ ಶಾಸ್ತ್ರಕಾರರು ಮನುಷ್ಯನ ಮನಸ್ಸನ್ನು ಚೆನ್ನಾಗಿ ಬಲ್ಲವರಂತೆ ಎರಡು ಮಾತು ಹೇಳಿದ್ದಾರೆ. ಒಂದು ಕ್ಷೇತ್ರವೃದ್ಧಿ: ಒಂದು ದಿಕ್ಕಿನ ಎಲ್ಲೆಯನ್ನು ಕಡಿಮೆ ಮಾಡಿ, ಅದನ್ನು ಇನ್ನೊಂದು ದಿಕ್ಕಿಗೆ ಕೂಡಿಸಿಕೊಂಡು ಲೆಕ್ಕ ಸರಿಮಾಡುವುದು. ಇನ್ನೊಂದು ಸ್ಮೃತ್ಯಂತರಾಧಾನ: ಇಟ್ಟುಕೊಂಡ ಮಿತಿಯನ್ನೇ ಮರೆಯುವುದು. ಗೃಹಸ್ಥನು ವ್ರತವನ್ನು ಸಿಟ್ಟಿನಿಂದ ಮುರಿಯುವುದು ಕಡಿಮೆ. ಜಾಣ ಲೆಕ್ಕದಿಂದ ಮತ್ತು ಮರೆವಿನಿಂದ ಮುರಿಯುವುದೇ ಹೆಚ್ಚು. ದೂರದ ಯಾತ್ರೆಗೆ ವರ್ಷವರ್ಷವೂ ಹೊರಡುವ ಅನೇಕರು ಖಿದ್ರಾಪುರದ ಆದಿನಾಥ ಬಸದಿಯನ್ನು ನೋಡಿಲ್ಲ. ಕುಂಭೋಜದ ಬಾಹುಬಲಿ ಕ್ಷೇತ್ರದಲ್ಲಿ 1963ರಲ್ಲಿ ಸ್ಥಾಪಿತವಾದ 28 ಅಡಿ ಎತ್ತರದ ಮೂರ್ತಿಯ ಮುಂದೆ ಅರ್ಧ ದಿನ ಸುಮ್ಮನೆ ಕುಳಿತವರೂ ವಿರಳ. ಮನೆಯ ವೃದ್ಧರನ್ನು ಕೂಡಿಕೊಂಡು ಹೋಗಬಹುದಾದ ಯಾತ್ರೆ ಹತ್ತಿರದಲ್ಲಿಯೇ ಇದೆ.

941ರಲ್ಲಿ ಪಂಪನು ರಚಿಸಿದ ಆದಿಪುರಾಣದಲ್ಲಿ ಬರುವ ಭರತ ಚಕ್ರವರ್ತಿಯ ಪ್ರಸಂಗವು ಕನ್ನಡ ಮರಾಠಿಗಳೆಂಬ ಭೇದವಿಲ್ಲದೆ ಎಲ್ಲ ಮನೆಗಳಿಗೂ ಪರಿಚಿತವಾದುದು. ಆರು ಖಂಡಗಳನ್ನು ಸುತ್ತಿ ಗೆದ್ದ ಭರತನು ವೃಷಭಾಚಲದ ಮೇಲೆ ತನ್ನ ಹೆಸರನ್ನು ಬರೆಯಿಸಲು ಹೋದಾಗ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬಂಡೆ ತುಂಬಿ ಹೋಗಿತ್ತು. ಮರಳಿ ಅಯೋಧ್ಯೆಗೆ ಬಂದಾಗ ಚಕ್ರರತ್ನವು ಊರೊಳಗೆ ಹೋಗದೆ ಬಾಗಿಲಲ್ಲಿಯೇ ನಿಂತಿತು. ಏಕೆಂದರೆ ಒಡಹುಟ್ಟಿದವರ ವಿಷಯ ಇತ್ಯರ್ಥವಾಗಿರಲಿಲ್ಲ. ಲೋಕವನ್ನೆಲ್ಲ ಸುತ್ತಿದ ಚಕ್ರವು ನಿಂತುದು ಸ್ವಂತ ಮನೆಯ ಬಾಗಿಲಲ್ಲಿ.

ಕಲೆಯು ಮಾತ್ರ ಮಿತಿಗೆ ಹೊರತೇ? ಅಲ್ಲ. ಜೌನಪುರದಲ್ಲಿ 1586ರಲ್ಲಿ ಹುಟ್ಟಿದ ಬನಾರಸೀದಾಸರು ಜೈನ ವ್ಯಾಪಾರಿ ಮನೆತನದವರು. 1641ರಲ್ಲಿ ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ ಬರೆದ ಅರ್ಧಕಥಾನಕವೆಂಬ ಆತ್ಮಕಥೆಯಲ್ಲಿ ಅವರು ತಮ್ಮ ದೋಷಗಳನ್ನು ಮುಚ್ಚಿಡಲಿಲ್ಲ. ಯೌವನದಲ್ಲಿ ವ್ಯಾಪಾರವನ್ನು ಮರೆತು ಕಾವ್ಯದ ಮೋಹದಲ್ಲಿ ಬಿದ್ದುದನ್ನೂ, ಬಂಡವಾಳ ಕಳೆದುಕೊಂಡು ಆಗ್ರಾದಲ್ಲಿ ಕಚೋರಿ ಅಂಗಡಿಯವನಲ್ಲಿ ಉದ್ರಿಯ ಮೇಲೆ ಉಂಡುದನ್ನೂ, ಶೃಂಗಾರದ ಕಾವ್ಯವನ್ನು ಗೋಮತಿ ನದಿಗೆ ಎಸೆದುದನ್ನೂ ಅವರೇ ಹೇಳಿಕೊಂಡಿದ್ದಾರೆ. ಅದೇ ವ್ಯಾಪಾರಿಯು ಮುಂದೆ ಸಂಸಾರದ ಭಾರವನ್ನೂ ಹೊತ್ತು ಸಮಯಸಾರ ನಾಟಕವನ್ನು ರಚಿಸಿದರು. ಅವರು ಕಲೆಯನ್ನು ಬಿಡಲಿಲ್ಲ. ಅದರ ಹದವನ್ನು ಕಂಡುಕೊಂಡರು. ಮನೆಯವರ ಅನ್ನವನ್ನು ಕಸಿಯುವ ಕಲೆಯೂ ಪರಿಗ್ರಹವೇ.

ಕೊಲ್ಹಾಪುರದಲ್ಲಿಯೇ ಇನ್ನೊಂದು ಆದರ್ಶವಿದೆ. ಬೆಳಗಾವಿ ಜಿಲ್ಲೆಯ ಸದಲಗಾ ಗ್ರಾಮದಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು 1930ರಿಂದ 1962ರವರೆಗೆ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. 1935ರಲ್ಲಿ ಪ್ರವಚನಸಾರವನ್ನೂ 1943ರಲ್ಲಿ ಬೃಹತ್ಕಥಾಕೋಶವನ್ನೂ ಸಂಪಾದಿಸಿ ಹೊರತಂದರು. ಪ್ರಾಕೃತದ ಕುವಲಯಮಾಲೆಯ ಮೊದಲ ಭಾಗ ಹೊರಬಂದುದು 1959ರಲ್ಲಿ, ಎರಡನೆಯದು 1970ರಲ್ಲಿ. ನಡುವೆ ಹನ್ನೊಂದು ವರ್ಷ! ಮರಾಠಿ ನಾಡಿನಲ್ಲಿ ವೃತ್ತಿಜೀವನ ಕಳೆದ ಅವರನ್ನು 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನವು ಅಧ್ಯಕ್ಷರನ್ನಾಗಿ ಬರಮಾಡಿಕೊಂಡಿತು. ಅವರಿಗೆ ಗ್ರಂಥಸಂಪಾದನೆಯು ವೃತ್ತಿಗೆ ಹೊಂದಿಕೊಂಡಿತ್ತು ನಿಜ. ಎಲ್ಲರಿಗೂ ಆ ಅನುಕೂಲವಿಲ್ಲ. ಆದರೆ ದಿನಕ್ಕೆ ಸ್ವಲ್ಪವಾಗಿ ಬಹುಕಾಲ ಮಾಡಿದ ಕೆಲಸಕ್ಕೆ ಸೋಲಿಲ್ಲವೆಂಬುದು ಮಗ್ಗದವನಿಗೂ ಅಂಗಡಿಯವನಿಗೂ ಅನ್ವಯಿಸುತ್ತದೆ. ದಿನಕ್ಕೆ ಅರ್ಧ ಗಂಟೆ ಅಜ್ಜಿಯ ಬಳಿ ಕುಳಿತು ಬರೆದುಕೊಂಡರೆ ವರ್ಷಕ್ಕೆ ಒಂದು ಪುಸ್ತಕವಾಗುತ್ತದೆ. ಅಕ್ಷರ ಕನ್ನಡದ್ದಾಗಿರಲಿ ದೇವನಾಗರಿಯಾಗಿರಲಿ, ಹಾಡು ಉಳಿಯುತ್ತದೆ.

ಬಾಡಿಗೆ ಮನೆಯಲ್ಲಿದ್ದು ಎರಡು ಪಾಳಿ ದುಡಿಯುವವನಿಗೆ ಈ ಮಾತೆಲ್ಲ ಶ್ರೀಮಂತರ ಚಿಂತೆಯಂತೆ ತೋರಬಹುದು. ಅದು ನ್ಯಾಯವಾದ ಆಕ್ಷೇಪ. ಅಂಥವನಿಗೆ ಮಿತಿಯನ್ನು ಬೋಧಿಸುವ ಮೊದಲು ಬಿಡುವನ್ನು ಒದಗಿಸಬೇಕು; ಅದು ಅವನಿಗೆ ಕೆಲಸ ಕೊಟ್ಟವರ ಕರ್ತವ್ಯ. ಸ್ವಂತ ಮನೆಯ ಮೂರನೆಯ ಮಾಳಿಗೆಯನ್ನು ಕೈಬಿಟ್ಟ ಮಾಲಕನು ಅದೇ ಹಣದಲ್ಲಿ ಕೆಲಸಗಾರರಿಗೆ ವಾರದ ರಜೆಯನ್ನು ಸಂಬಳಸಹಿತ ಕೊಟ್ಟರೆ, ಅವನ ಪರಿಗ್ರಹ-ಪರಿಮಾಣವು ಇನ್ನೊಬ್ಬನ ಮನೆಯಲ್ಲಿ ಫಲಿಸುತ್ತದೆ.

ದೀಪಾವಳಿಯಂದು, ಭಗವಾನ್ ಮಹಾವೀರರ ನಿರ್ವಾಣದ ದಿನ, ವರ್ತಕರು ಹೊಸ ಕಿರ್ದಿಯನ್ನು ಪೂಜಿಸಿ ತೆರೆಯುತ್ತಾರೆ. ಅದೇ ದಿನ ಮನೆಯವರೆಲ್ಲ ಕೂಡಿ ಇನ್ನೊಂದು ಪುಟದಲ್ಲಿ ಮೂರು ಸಾಲು ಬರೆಯಬಹುದು: ಈ ವರ್ಷ ಮನೆಗೆ ಇಷ್ಟು, ಪ್ರವಾಸಕ್ಕೆ ಇಷ್ಟು, ದಿನದ ಇಷ್ಟು ಹೊತ್ತು ಕಲೆಗೂ ಸ್ವಾಧ್ಯಾಯಕ್ಕೂ. ಆ ಸಾಲುಗಳನ್ನು ಬರೆಯುವಾಗ ಸೊಸೆಯ ಮಾತನ್ನೂ ವೃದ್ಧರ ಮಾತನ್ನೂ ಕೇಳಬೇಕು. ಏಕೆಂದರೆ ಅತಿಯಾದುದರ ಭಾರ ಬೀಳುವುದು ಅವರ ಮೇಲೆಯೇ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ ಆ ಪುಟವನ್ನು ಮತ್ತೆ ತೆರೆದು ಓದಿದರೆ ಸ್ಮೃತ್ಯಂತರಾಧಾನದ ದೋಷ ತಪ್ಪುತ್ತದೆ.

ವರ್ಷಾಂತ್ಯದಲ್ಲಿ ವ್ಯಾಪಾರದ ಶಿಲ್ಕು ತಿಜೋರಿಯಲ್ಲಿ ಕಾಣುತ್ತದೆ. ಗೃಹಸ್ಥ ಜೀವನದ ಶಿಲ್ಕು ಕಾಣುವುದು ಮನೆಯ ಕಿರಿಯರ ನಾಲಿಗೆಯಲ್ಲಿ, ಹಿರಿಯರ ಮುಖದಲ್ಲಿ. ಎಷ್ಟೇ ದೂರ ಸುತ್ತಿ ಬಂದರೂ, ಎಷ್ಟೇ ಎತ್ತರ ಕಟ್ಟಿದರೂ, ಬಾಗಿಲಲ್ಲಿ ಚಕ್ರ ನಿಲ್ಲದೆ ಒಳಗೆ ಬರುವಂತಿದ್ದರೆ ಆ ಗೃಹಸ್ಥನು ಹದವನ್ನು ಬಲ್ಲವನು.

ಜೈ ಜಿನೇಂದ್ರ.