ಯಜಮಾನಿ ಎಂಬ ಶಬ್ದ

ಅಂಗಡಿಯ ಯಜಮಾನಿಯೆಂದೊಡನೆ ಕೇಳುವವನು ಯಜಮಾನನನ್ನು ಅರಸುವುದೇಕೆ? ದೋಷವು ಭಾಷೆಯದೋ, ಲೋಕದ್ದೋ? ಪಾಣಿನಿಯು ‘ಅರ್ಯ’ ಶಬ್ದಕ್ಕೆ ಸ್ವಾಮಿ, ವೈಶ್ಯ ಎಂದು ಎರಡರ್ಥಗಳನ್ನು ಹೇಳಿದನು. ಅಮರಕೋಶವು ತಾನೇ ಅರ್ಯಳಾದವಳನ್ನು ‘ಅರ್ಯಾ’ ಎಂದೂ ಅರ್ಯನ ಹೆಂಡತಿಯನ್ನು ‘ಅರ್ಯೀ’ ಎಂದೂ ಬೇರ್ಪಡಿಸಿತು. ಅಲ್ಲಿ ಎಣಿಕೆಗೆ ಬಂದುದು ಕುಲವೇ ಹೊರತು ವ್ಯಾಪಾರವಲ್ಲ, ನಿಜ. ಆದರೂ ತನ್ನಿಂದ ಬಂದ ಹೆಸರು ಬೇರೆ, ಗಂಡನಿಂದ ಬಂದ ಹೆಸರು ಬೇರೆ ಎಂಬ ವಿವೇಕವು ವೈಯಾಕರಣರಿಗಿದ್ದಿತು. ಕನ್ನಡದ ‘ಯಜಮಾನಿ’ಯಲ್ಲಿ ಆ ಗೆರೆಯು ಅಳಿಸಿಹೋಗಿದೆ. ತನಗಾಗಿ ಯಜ್ಞಮಾಡುವವನೇ ಯಜಮಾನನು. ಅವನು ಮನೆಯೊಡೆಯನಾದುದು ಬಳಿಕ. ಯಜಮಾನಿಯಾದರೋ ಅವನ ಹೆಂಡತಿಯೂ ಹೌದು, ಗಿರಣಿಯನ್ನು ತಾನೇ ನಡೆಯಿಸುವವಳೂ ಹೌದು. ಲೆಕ್ಕವನ್ನು ತಾನೇ ಬರೆದು, ಸಾಲಕ್ಕೆ ತಾನೇ ರುಜು ಹಾಕಿದವಳಿಗೆ ಈ ಎರಡರ್ಥದ ಹೆಸರು ಸಾಲುವುದೆ? ಸಾಲಿಗನು ವಸೂಲಿಗೆ ಬಂದಾಗ ಯಜಮಾನಿಯಾರೆಂಬ ಸಂದೇಹವನ್ನು ಪಡುವುದಿಲ್ಲ.